ಪೈಪಿನ ಬಾಯಿಗೆ ಬೆಂಡು

ನಾಗರತ್ನಾ ಹದಿನಾಲ್ಕು ವರ್ಷ ಕೋಲು ಹಿಡಿದಿದ್ದಳು. ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದ ವರ್ಷದ ಬೇಸಿಗೆಯಲ್ಲೇ ಅತ್ತೆ ಸಾವಿತ್ರೆವ್ವ ಅದನ್ನು ಅವಳ ಕೈಗೆ ಕೊಟ್ಟಿದ್ದಳು. ಅತ್ತೆ ಶಾವಿಗೆ ಮಣೆಯ ಮೇಲೆ ಕೂತು, ನಾದಿದ ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಎಳೆ ಬಿಡುವುದು. ಸೊಸೆ ಮಣೆಯ ಕೆಳತುದಿಯಲ್ಲಿ ನಿಂತು, ಇಳಿದು ಬರುವ ಎಳೆಗಳನ್ನು ಕೋಲಿನ ಮೇಲೆ ಹಿಡಿದು, ಹರಿಯದಂತೆ ಒಯ್ದು ಬಿಸಿಲಿಗೆ ಹಾಕುವುದು. ಶಾವಿಗೆಯ ಹಂಗಾಮು ಬಂತೆಂದರೆ ಹತ್ತು ಓಣಿಯ ಹೆಂಗಸರು ಸಾವಿತ್ರೆವ್ವನನ್ನು ಕರೆಯಲು ಬರುತ್ತಿದ್ದರು. ಕೂದಲಿನಷ್ಟು ಸಣ್ಣ ಎಳೆ, ಸಾವಿತ್ರೆವ್ವನ ಕೈಯಂಥ ಕೈಯಿಲ್ಲ ಎನ್ನುತ್ತಿದ್ದರು. ಕೋಲು ಹಿಡಿದವಳ ಹೆಸರು ಯಾರಿಗೂ ಬೇಕಿರಲಿಲ್ಲ. ಒಮ್ಮೆ ತಾನೂ ಮಣೆ ಏರಿ ನೋಡುತ್ತೇನೆಂದು ನಾಗರತ್ನಾ ಕೇಳಿದ್ದಕ್ಕೆ, "ನಿನ್ನ ಕೈ ಬಿರುಸು" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು.

ಆ ಮಾತನ್ನು ಸೊಸೆ ಮರೆತಿರಲಿಲ್ಲ. ತೊಂಬತ್ತೇಳರ ಸಂಕ್ರಾಂತಿ ಮುಗಿದ ವಾರ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಹುಬ್ಬಳ್ಳಿಯಿಂದ ಶಾವಿಗಿ ಮಷೀನ್ ತರಸಾಕತ್ತೇನಿ. ಮನಿ ಬಾಜೂಕ ಸಿಮೆಂಟ್ ಹಾಕಿಸಿ ಅಲ್ಲೇ ಕುಂದರಸೂದು. ಇವರಿಗೆ ಹೇಳೇನಿ."

ಇವರು ಅಂದರೆ ಗಂಡ ನಿಂಗರಾಜ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕ ನೋಡುವ ಕೆಲಸ ಅವನದು. ಕ್ವಿಂಟಲ್‌ಗಟ್ಟಲೆ ಹತ್ತಿ ತೂಗುವವನು ಅವ್ವ ಮತ್ತು ಹೆಂಡತಿಯ ನಡುವೆ ಮಾತ್ರ ತಕ್ಕಡಿ ಹಿಡಿಯಲು ಹೆದರುತ್ತಿದ್ದ. ಬದನೆಕಾಯಿ ಎಣ್ಣೆಗಾಯಿಯಲ್ಲಿ ಹರಳು ಹುಡುಕುವವನಂತೆ ತಾಟಿನೊಳಗೆ ನೋಡತೊಡಗಿದ.

"ನಿನಗ ಹೇಳ್ಯಾಳಂತಲ್ಲೋ?" ಸಾವಿತ್ರೆವ್ವ ಕೇಳಿದಳು.

"ಹೂಂ ಅವ್ವ, ಹೇಳ್ಯಾಳ."

"ನೀ ಏನಂದಿ?"

"ನಾ ಏನನ್ನಲಿ? ಆಕಿ ಮುಂಗಡಾನೂ ಕೊಟ್ಟ ಬಂದಾಳ."

"ಮಷೀನಿನ ಶಾವಿಗಿ ತಿಂದೀರೇನ ನೀವು? ಸೈಕಲ್ ಟ್ಯೂಬ್ ಜಗಿದಂಗ ಆಕ್ಕೈತಿ."

"ಇಲ್ಲ ಆಯಿ," ಎಂದಳು ಮೊಮ್ಮಗಳು ರಾಜೇಶ್ವರಿ. ಹದಿಮೂರರ ಹುಡುಗಿ, ಮನೆಯಲ್ಲಿ ಯಾರ ಮಾತಿಗೂ ಒಂದು ಉತ್ತರ ಇಟ್ಟುಕೊಂಡೇ ಇರುತ್ತಿದ್ದಳು. "ಸಣ್ಣ ಅಚ್ಚು ಹಾಕಿದ್ರ ಸಣ್ಣಾಗೇ ಬರತಾವಂತ."

"ನೀ ಸುಮ್ಮ ಉಣ್ಣ."

"ಅತ್ತ್ಯಾರ, ಶಿವರಾತ್ರಿಗೆ ಚಾಲೂ ಆಗಬೇಕು," ಎಂದಳು ನಾಗರತ್ನಾ. "ಶಿವರಾತ್ರಿಯಿಂದ ಯುಗಾದಿ ದಾಟೂ ತನಕಾನೇ ಮಂದಿ ಶಾವಿಗಿ ಮಾಡಸೂದು. ಈ ವರ್ಷ ತಪ್ಪಿದ್ರ ಮುಗೀತು, ಪ್ಯಾಟ್ಯಾಗ ಇನ್ನೊಬ್ರು ಮಷೀನ್ ತರಾಕ ಹತ್ಯಾರ. ಮಂದಿ ಒಮ್ಮೆ ಅಲ್ಲಿ ಹೋದ್ರ ನಮ್ಮ ಕಡೆ ಹೊಳ್ಳಿ ನೋಡಂಗಿಲ್ಲ."

ಸಾವಿತ್ರೆವ್ವ ಮಜ್ಜಿಗೆ ಸುರಿದುಕೊಂಡಳು. "ಮಾಡ್ಕೊ. ನಾ ಆ ಕಡೆ ಕಣ್ಣೆತ್ತಿ ಸೈತ ನೋಡಂಗಿಲ್ಲ."

ಮೂರು ದಿನ ಆ ಮಾತು ನಡೆಸಿದಳು. ನಾಲ್ಕನೆಯ ದಿನ ಗೌಂಡಿ ಗೌಸಸಾಬ ಟೇಪು ಹಿಡಿದು ಬಂದು, ಮನೆಯ ಪಕ್ಕದ ಜಾಗ ಅಳೆಯುವಾಗ ಹೊಸ್ತಿಲಲ್ಲಿ ಬಂದು ನಿಂತಿದ್ದಳು.

ಗೌಸಸಾಬ ಸಿಮೆಂಟಿನ ವಿಷಯದಲ್ಲಿ ಶಿಸ್ತಿನ ಮನುಷ್ಯ. ಮಣ್ಣಿನ ಮೇಲೆ ಸುಣ್ಣದಿಂದ ಗೆರೆ ಎಳೆದು ತೋರಿಸಿದ. "ಮಷೀನ್ ಇಲ್ಲಿ ಬರತೈತ್ರಿ. ಅದರ ಕಾಲಿಗೆ ಸಿಮೆಂಟಿನ್ಯಾಗ ನಾಕು ಬೋಲ್ಟು. ನಡುವ ಕರೆಂಟಿನ ಪೈಪು. ಪಡಸಾಲಿ ಗ್ವಾಡಿಯಿಂದ ನೆಲದಾಗ ಬಂದು, ಇಲ್ಲಿ ಮ್ಯಾಲೆ ಏಳತೈತಿ. ಆ ಕಡೆ ನೀರಿಂದು. ಗ್ವಾಡಿ ಬುಡಕ ಟೆಲಿಫೋನಿಗೂ ಒಂದು ಹಾಕಿ ಬಿಡ್ರಿ."

"ಫೋನ್ ಎಲ್ಲಿ ಐತಿ ಗೌಸಣ್ಣಾ? ಹೆಸರ ಹಚ್ಚಿ ಮೂರು ವರ್ಷಾತು," ಎಂದ ನಿಂಗರಾಜ.

"ನಾಳಿ ಬಂತಂದ್ರ ಇದನ್ನ ಒಡೀತೀರೇನು? ಸಿಮೆಂಟ್ ಒಮ್ಮೆ ಬಿತ್ತಂದ್ರ ಬಿತ್ತು. ಏನ್ ಹಾಕೂದಿದ್ರೂ ಮೊದಲ ಹಾಕ್ರಿ."

ನಾಗರತ್ನಾ ಪ್ಲಾಸ್ಟಿಕ್ ಪೈಪಿನ ಅಳತೆ ಬರೆದ ಚೀಟಿ ತೆಗೆದಳು. ಅಷ್ಟರಲ್ಲಿ ಹೊಸ್ತಿಲಿನಿಂದ ದನಿ ಬಂತು:

"ಪ್ಲಾಸ್ಟಿಕ್ ಯಾಕ? ಸಂಪಗಾಂವದ ಹೊಲದಾಗಿನ ಕಬ್ಬಿಣದ ಪೈಪು ಅಟ್ಟದ ಮ್ಯಾಗ ಬಿದ್ದಾವಲ್ಲ."

"ಹಳೇವು ಅತ್ತ್ಯಾರ. ತುಕ್ಕ ಹಿಡದಾವ."

"ನನಗೂ ಅರವತ್ತಾತು. ನಾನೂ ತುಕ್ಕ ಹಿಡದೇನೇನು?"

ಗೌಸಸಾಬ ಪೈಪು ಇಳಿಸಿ, ಸುತ್ತಿಗೆಯಿಂದ ಬಡಿದು ನೋಡಿದ. ಗಟ್ಟಿ ದನಿ ಬಂತು. "ಒಳ್ಳೆ ಮಾಲ್ರಿ ಇದು. ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ," ಎಂದ. ಕಬ್ಬಿಣ ಗೆದ್ದಿತು. ನಾಗರತ್ನಾ ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ನೋಡುವುದೇ ಇಲ್ಲ ಅಂದವರು ಪೈಪಿನ ತನಕ ಬಂದರು, ಇನ್ನು ಮಷೀನಿನ ಅಚ್ಚನ್ನೂ ಇವರೇ ಹೇಳುತ್ತಾರೆ ಎಂದು ಅವಳಿಗೆ ಸಿಟ್ಟು ಬಂದಿತ್ತು.

ಕಾಂಕ್ರೀಟ್ ಹಾಕುವ ದಿನ ಮುಂಜಾನೆಯಿಂದಲೇ ಗದ್ದಲ. ಹೊರಗೆ ಖಡಿ, ಉಸುಕು, ಸಿಮೆಂಟ್ ಕಲಸುವ ಸಲಿಕೆಗಳ ಸಪ್ಪಳ; ಒಳಗೆ ದೊಡ್ಡ ಪಾತೇಲಿಯಲ್ಲಿ ಗೋಧಿ ಹುಗ್ಗಿ. ಸಿಮೆಂಟ್ ಹಾಕಿದ ದಿನ ಕೆಲಸದವರಿಗೆ ಸಿಹಿ ಊಟ ಹಾಕದ ಮನೆ ಆ ಊರಿನಲ್ಲಿಲ್ಲ. ಮಷೀನಿನ ಮೇಲೆ ಎಷ್ಟೇ ಸಿಟ್ಟಿದ್ದರೂ ಸಾವಿತ್ರೆವ್ವ ಹುಗ್ಗಿಗೆ ತುಪ್ಪ ಕಡಿಮೆ ಮಾಡಲಿಲ್ಲ. ರಂಜಾನ್ ತಿಂಗಳಾದ್ದರಿಂದ ಗೌಸಸಾಬನಿಗೆ ರೋಜಾದ ಉಪವಾಸ ಇತ್ತು. ಅವನ ಪಾಲನ್ನು ಮೊದಲೇ ಡಬ್ಬಿಯಲ್ಲಿ ತೆಗೆದಿಟ್ಟು, ಹೊತ್ತು ಮುಳುಗಿದ ಮೇಲೆ ಅವನ ಮನೆಗೆ ಕೊಟ್ಟು ಬರಬೇಕೆಂದು ಮೊಮ್ಮಗಳಿಗೆ ಎರಡು ಸಲ ಹೇಳಿದಳು.

ಕಾಂಕ್ರೀಟಿನ ಮೊದಲ ಬುಟ್ಟಿ ಸುರಿಯುವ ಮುಂಚೆ ಗೌಸಸಾಬ ಕೂಗಿದ: "ಪೈಪಿನ ಬಾಯಿ ಮುಚ್ಚ್ರಿ! ರಾಡಿ ಒಳಗ ಬಿತ್ತಂದ್ರ ಮುಂದ ವೈರ್ ಹೋಗಂಗಿಲ್ಲ."

ನೀರಿನ ಪೈಪಿಗೆ ತಿರುಪಿನ ಬೂಚು ಇತ್ತು. ಉಳಿದೆರಡಕ್ಕೆ ನಾಗರತ್ನಾ ಹಳೆ ಅರಿವೆ ಹುಡುಕುತ್ತಿರುವಾಗ ಸಾವಿತ್ರೆವ್ವ ಒಲೆಯ ಬದಿಯಿಂದ ಎರಡು ಗೊಂಜಾಳದ ಬೆಂಡು ತಂದಳು. ಕಾಳು ಬಿಡಿಸಿದ ಗೋವಿನಜೋಳದ ತೆನೆ. ಮನೆಯಲ್ಲಿ ಅದು ಉರುವಲು. ಬೀಜದ ಗಡಿಗೆಗಳ ಬಾಯಿಗೆ ನಲವತ್ತು ವರ್ಷದಿಂದ ಅವಳು ತುರುಕುತ್ತಿದ್ದುದೂ ಅದನ್ನೇ. ಎರಡೂ ಪೈಪಿನ ಬಾಯಿಗೆ ಇಟ್ಟು, ಖಾರ ಅರೆಯುವ ಗುಂಡುಕಲ್ಲಿನಿಂದ ಠಪಠಪ ಬಡಿದು ಇಳಿಸಿದಳು.

"ಇನ್ನ ಇರುವೀನೂ ಒಳಗ ಹೋಗಂಗಿಲ್ಲ," ಎಂದಳು.

ಅತ್ತೆ ತಾನಾಗಿ ಬಂದು ಕೈ ಹಚ್ಚಿದಳೆಂದು ನಾಗರತ್ನಾಗೆ ಅಂದು ಖುಷಿಯೇ ಆಗಿತ್ತು. ಸಂಜೆಯ ಹೊತ್ತಿಗೆ ಮನೆಯ ಪಕ್ಕ ನುಣ್ಣನೆಯ ಬೂದು ಹಾಸು ಬಿದ್ದು, ಮೂರು ಪೈಪು, ನಾಲ್ಕು ಬೋಲ್ಟು ಅದರಿಂದ ಮೇಲೆದ್ದು ನಿಂತವು.

"ಇಪ್ಪತ್ತೊಂದು ದಿನ ನೀರ ಕುಡಸ್ರಿ," ಎಂದು ಗೌಸಸಾಬ ಹೇಳಿ ಹೋದ. "ಒಂದು ದಿನ ತಪ್ಪಿದ್ರೂ ಸೀಳತೈತಿ. ಮಷೀನ್ ಕುಣಿತಂದ್ರ ಬೋಲ್ಟು ಕಿತ್ತ ಬರತಾವ."

ನಾಗರತ್ನಾ ತಪ್ಪಿಸಲಿಲ್ಲ. ಗೋಣಿಚೀಲ ಹಾಸಿ ಬೆಳಿಗ್ಗೆ ಎಂಟು ಕೊಡ, ಸಂಜೆ ಎಂಟು ಕೊಡ. ನಳ ಬಾರದ ದಿನ ಬಾವಿಯಿಂದ ಹೊತ್ತು ತಂದಳು. ಪೈಪು ಸಿಮೆಂಟಿಗೆ ಕೂಡುವ ಕಡೆಯೇ ಮೊದಲು ಸೀಳು ಬಿಡುವುದೆಂದು ಯಾರೋ ಹೇಳಿದ್ದರಿಂದ ಬೋಲ್ಟುಗಳ ನಡುವಿನ ಪೈಪಿಗೂ ಒಂದು ಚೀಲ ತಲೆಯ ಮೇಲಿಂದ ಹೊದಿಸಿ, ಅದನ್ನೂ ತೋಯಿಸಿದಳು.

ಹತ್ತನೆಯ ದಿನವೋ ಏನೋ, ಸಾವಿತ್ರೆವ್ವ ಸಂಜೆ ಹೇಳಿದಳು: "ನಾಳಿ ರಾಚವ್ವನ ಮನ್ಯಾಗ ಮದುವಿ ಶಾವಿಗಿ ಐತಿ. ಲಗೂನ ಏಳು." ರಾಚವ್ವ ಎದುರು ಮನೆಯವಳು, ಮಗಳ ಮದುವೆ ತೆಗೆದಿದ್ದಳು.

"ನಾ ಬರಂಗಿಲ್ರಿ. ನೀರ ಹೊಡೀಬೇಕು."

"ಹುಡುಗಿ ಹೊಡೀತಾಳ."

"ಹುಡುಗಿಗೆ ಸಾಲಿ ಐತಿ."

"ಮತ್ತ ಕೋಲು ಯಾರ ಹಿಡೀಬೇಕು?"

"ಯಾರಾದ್ರೂ ಹಿಡೀಲ್ರಿ. ಕೋಲು ಹಿಡಿಯೂದು ಏನ್ ದೊಡ್ಡ ಕೆಲಸ ಅಂತ ನೀವ ಅಂತಿದ್ರಿ."

ಸಾವಿತ್ರೆವ್ವ ಮಣೆ ಹೊರಿಸಿಕೊಂಡು ಒಬ್ಬಳೇ ಹೋದಳು. ರಾಚವ್ವನ ಮನೆಯ ಯಾರೋ ಹುಡುಗಿ ಕೋಲು ಹಿಡಿದಳಂತೆ. ಮಧ್ಯಾಹ್ನದ ಹೊತ್ತಿಗೇ ಹಿಂತಿರುಗಿದ ಸಾವಿತ್ರೆವ್ವ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಳು. ಅರ್ಧ ಶಾವಿಗೆ ಹರಿದು ನೆಲಕ್ಕೆ ಬಿತ್ತೆಂದು ಸಂಜೆ ರಾಚವ್ವನೇ ಬಂದು ಹೇಳಿದಳು. ನಾಗರತ್ನಾ ಕೇಳಿಸಿಕೊಂಡಳು. ಅಯ್ಯೋ ಅನಿಸಿತು; ಅದಕ್ಕಿಂತ ಹೆಚ್ಚು, ಆಗಲಿ ಅನಿಸಿತು.

ಇಪ್ಪತ್ತೊಂದು ದಿನ ತುಂಬಿತು. ಹಾಸಿನಲ್ಲಿ ಒಂದು ಕೂದಲೆಳೆಯಷ್ಟೂ ಸೀಳಿರಲಿಲ್ಲ. ಮರುದಿನ ಗೌಸಸಾಬನ ಮಗ ಮುಸ್ತಕೀಮ ವೈರಿನ ಸುರುಳಿ ಹೊತ್ತು ಬಂದ. ವೈರಿಂಗ್ ಅವನ ಕೆಲಸ. ಗೋಡೆ ಬುಡದ ಟೆಲಿಫೋನ್ ಪೈಪಿನ ಬೆಂಡು ಎಳೆದ ಕೂಡಲೇ ಬಂತು. ಕರೆಂಟಿನದು ಅಲುಗಲಿಲ್ಲ. ನೀರು ಕುಡಿದು ಉಬ್ಬಿ, ಪೈಪಿಗೆ ಕಚ್ಚಿಕೊಂಡಿತ್ತು.

"ತಡೀರಿ ಅಣ್ಣಾರ, ಜಗ್ಗಬ್ಯಾಡ್ರಿ," ಎಂದ ಮುಸ್ತಕೀಮ.

ನಿಂಗರಾಜ ತಡೆಯಲಿಲ್ಲ. ಇಕ್ಕಳ ಹಚ್ಚಿ ಜಗ್ಗಿದ. ಮೇಲಿನ ಅರ್ಧ ಕಿತ್ತು ಕೈಗೆ ಬಂತು, ಕೆಳಗಿನ ಅರ್ಧ ಒಳಗೇ ಉಳಿಯಿತು. ಸರಳು ಹಾಕಿ ತಿವಿದ. ಅದು ಇನ್ನೂ ಒಂದು ಗೇಣು ಕೆಳಗಿಳಿದು ಬಿಗಿದು ನಿಂತಿತು. ಪಡಸಾಲೆಯ ಕಡೆಯಿಂದ ಮುಸ್ತಕೀಮ ತಂತಿ ತೂರಿಸಿ ನೋಡಿದರೆ ಅದೂ ದಾಟಲಿಲ್ಲ.

ಗೌಸಸಾಬ ಬಂದು, ಕೂತು, ಗಡ್ಡ ಕೆರೆದುಕೊಂಡ. "ಒಡೀಬೇಕಂದ್ರ ಬೋಲ್ಟಿನ ನಡುವ ಒಡೀಬೇಕ್ರಿ. ನಾಕೂ ಸಡಲ ಆಗತಾವ. ಮತ್ತ ಹೊಸಾ ಸಿಮೆಂಟ್, ಮತ್ತ ಇಪ್ಪತ್ತೊಂದು ದಿನ."

"ಮ್ಯಾಲಿಂದ ವೈರ್ ಎಳದ್ರ ಆಗೂದಿಲ್ಲೇನೋ?" ನಿಂಗರಾಜ ಮುಸ್ತಕೀಮನನ್ನು ಕೇಳಿದ.

"ಹೆಣ್ಣಮಕ್ಕಳು ಹಸಿ ಕೈಲೆ ಅಡ್ಡಾಡೂ ಜಾಗಾ ಐತ್ರಿ ಇದು. ನಾ ಒಲ್ಲೆ."

ಇಪ್ಪತ್ತೊಂದು ದಿನವೆಂದರೆ ಹಂಗಾಮಿನ ಅರ್ಧ. ನಾಗರತ್ನಾ ಮುರಿದ ಬೆಂಡನ್ನು ಎತ್ತಿಕೊಂಡು ಸೀದಾ ಅಡಿಗೆಮನೆಗೆ ಹೋದಳು. ಸಾವಿತ್ರೆವ್ವ ಮೊಮ್ಮಗಳ ತಾಟಿಗೆ ಜುಣಕ ಬಡಿಸುತ್ತಿದ್ದಳು.

"ಇದನ್ನ ಬೇಕಂತಲೇ ತುರುಕಿದ್ರಿ. ನನ್ನ ಮಷೀನ್ ನಡೀಬಾರದಂತ."

ಸೌಟು ನಿಂತಿತು. "ಬೇಕಂತಲೇ?"

"ಮತ್ತೇನು? ಅವತ್ತ ಹೆಂಗ ಬಡದ್ರಿ, ನಾ ನೋಡಿಲ್ಲೇನು?"

"ಯವ್ವ," ಎಂದಳು ರಾಜೇಶ್ವರಿ, "ಆ ಪೈಪಿನ ಮ್ಯಾಲೆ ಹಸಿ ಚೀಲ ಹೊಚ್ಚಿದಾಕಿ ನೀನ ಅಲ್ಲೇನು? ಫೋನಿನ ಪೈಪಿಗೆ ಹೊಚ್ಚಲಿಲ್ಲ, ಅದು ಬಂತು ನೋಡು."

ನಾಗರತ್ನಾ ಬೆಂಡನ್ನು ಒಲೆಯ ಬದಿಗೆ ಇಟ್ಟಳು. ಆದರೆ ಮಾತು ಆಗಲೇ ಹೋಗಿ ಮುಟ್ಟಿತ್ತು. ಸಾವಿತ್ರೆವ್ವ ಸೌಟನ್ನು ಬೋಗುಣಿಯಲ್ಲಿಟ್ಟು, ತನ್ನ ತಾಟು ಸರಿಸಿ, ಉಣ್ಣದೆ ಎದ್ದು ಹೋದಳು. ಹದಿನಾಲ್ಕು ವರ್ಷದಲ್ಲಿ ಜಗಳಗಳು ಬೇಕಾದಷ್ಟು ಆಗಿದ್ದವು. ಊಟ ಬಿಟ್ಟು ಎದ್ದದ್ದು ಅದೇ ಮೊದಲು.

ಮರುದಿನ ನಿಂಗರಾಜ ಜಿನ್ನಿಗೆ ರಜೆ ಹಾಕಿ ಉಳಿ, ಸುತ್ತಿಗೆ ಹಿಡಿದು ಹೊರಗೆ ಬಂದ. ನೋಡಿದರೆ ಅವ್ವ ಪೈಪಿನ ಪಕ್ಕ ಕಾಂಕ್ರೀಟಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ.

"ಏಳ ಅವ್ವ, ಒಡೀತೇನಿ."

"ನಾಕು ದಿನ ಈ ಕಡೆ ನೀರ ಬೀಳಗೊಡಬ್ಯಾಡ್ರಿ. ಒಳಗಿನ ಬೆಂಡು ಒಣಗಲಿ. ಆಮ್ಯಾಲ ನಾ ತಗೀತೇನಿ."

"ಹೆಂಗ ತಗೀತಿ?"

"ಕೆಂಡ ಹಾಕಿ ತಗೀತೇನಿ. ಒಣಾ ಬೆಂಡು ಒಲ್ಯಾಗ ಎಷ್ಟೊತ್ತ ಉಳೀತೈತಿ? ಪೈಪು ಕಬ್ಬಿಣದ್ದೈತಿ, ಸುಡಂಗಿಲ್ಲ. ಪ್ಲಾಸ್ಟಿಕ್ ಹಾಕಿದ್ರ ಈಗ ಎಲ್ಲಾರೂ ಕೂಡಿ ಅಳಬೇಕಾಗತಿತ್ತು."

ನಿಂಗರಾಜ ಹೆಂಡತಿಯ ಕಡೆ ನೋಡಿದ. ನಾಗರತ್ನಾ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ದಿನ ಕಾಯ್ದು ಆಗಲಿಲ್ಲವೆಂದರೆ ಆ ನಾಲ್ಕು ದಿನವೂ ಹೋದವು. ಒಡೆದರೆ ಹಂಗಾಮು ಹೋಯಿತು. ಮತ್ತು ಒಡೆಯಿರಿ ಎಂದರೆ, ನಿನ್ನೆ ಅಂದ ಮಾತನ್ನು ಇವತ್ತು ಎರಡನೇ ಸಲ ಅಂದಂತೆ. ಅವಳು ಬಂದು ಗಂಡನ ಕೈಯಿಂದ ಉಳಿ ಕಸಿದುಕೊಂಡು ಒಳಗೆ ಇಟ್ಟಳು.

"ನಾಕು ದಿನ ಬಿಡ್ರಿ," ಎಂದಳು.

ಆ ನಾಲ್ಕು ದಿನ ಅತ್ತೆ ಸೊಸೆ ಮಾತಾಡಿದ್ದೆಲ್ಲ ರಾಜೇಶ್ವರಿಯ ಮೂಲಕವೇ. ಉಪ್ಪು ಬೇಕೇನು ಕೇಳು, ಹಾಲು ಉಕ್ಕುತ್ತದೆ ಹೇಳು. ಹುಡುಗಿಗೆ ಎರಡು ಮಾರು ದೂರದಲ್ಲಿ ಕೂತವರ ನಡುವೆ ಓಡಾಡಿ ಸಾಕಾಯಿತು. ಸಾವಿತ್ರೆವ್ವ ಹಗಲು ಪೈಪಿನ ಬಾಯಿ ಬಿಸಿಲಿಗೆ ತೆರೆದಿಡುವಳು, ಹೊತ್ತು ಇಳಿದ ಕೂಡಲೇ ಇಬ್ಬನಿ ಬೀಳದಂತೆ ಹಿತ್ತಾಳೆ ಗಿಂಡಿ ಕವುಚುವಳು. ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದಳು. ನಾಗರತ್ನಾ ಅವಳ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ, ಒಲೆಯ ಪಕ್ಕ ಬೆಚ್ಚಗಿಟ್ಟು ಹೊರಗೆ ಹೋಗುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಸಾವಿತ್ರೆವ್ವ ಇಕ್ಕಳದಲ್ಲಿ ಕೆಂಡ, ಇನ್ನೊಂದು ಕೈಯಲ್ಲಿ ಊದುಗೊಳವೆ ಹಿಡಿದು ಬಂದಳು. ಗೌಸಸಾಬ, ಮುಸ್ತಕೀಮ, ಎದುರು ಮನೆಯ ರಾಚವ್ವ ಎಲ್ಲರೂ ನೆರೆದಿದ್ದರು. ರಾಜೇಶ್ವರಿಯನ್ನು ಪಡಸಾಲೆಯೊಳಗೆ, ಪೈಪಿನ ಇನ್ನೊಂದು ಬಾಯಿ ಇರುವ ಗೋಡೆಯ ಹತ್ತಿರ ನಿಲ್ಲಿಸಿದಳು.

"ಹೊಗಿ ಬಂತಂದ್ರ ಒದರು."

ಸಣ್ಣ ಕೆಂಡಗಳನ್ನು ಒಂದೊಂದಾಗಿ ಪೈಪಿನೊಳಗೆ ಬಿಟ್ಟು, ಮಂಡಿಯೂರಿ ಊದತೊಡಗಿದಳು. ಮೊದಮೊದಲು ಹೊಗೆ ಅವಳ ಮುಖಕ್ಕೇ ಹೊಡೆಯಿತು. ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ಮತ್ತೆ ಕೆಮ್ಮು ಬಂದು ಉಸಿರು ಸಿಕ್ಕದಾದಾಗ ನಾಗರತ್ನಾ ಪಕ್ಕದಲ್ಲಿ ಬಂದು ಕೂತಳು.

"ಕೊಡ್ರಿ ಇಲ್ಲೆ."

ಗೊಳವೆ ಕೈ ಬದಲಾಯಿತು. ನಾಗರತ್ನಾ ಗಲ್ಲ ಉಬ್ಬಿಸಿ ಜೋರಾಗಿ ಊದಿದಳು. ಕಿಡಿಗಳು ಮೇಲೆ ಹಾರಿದವು.

"ಹಂಗಲ್ಲ. ಸಣ್ಣಾಗಿ ಬಿಡು. ಹರೀದಂಗ, ಎಳಿ ಬಿಟ್ಟಂಗ," ಎಂದಳು ಸಾವಿತ್ರೆವ್ವ. "ಹಾಂ, ಹಂಗ. ನಿಲ್ಲಸಬ್ಯಾಡ."

ಪೈಪಿನೊಳಗೆ ಚಟಚಟ ಸದ್ದು. ಆಮೇಲೆ ಏನೋ ಕುಸಿದಂತಾಯಿತು. ಮುಖಕ್ಕೆ ಬರುತ್ತಿದ್ದ ಹೊಗೆ ಒಮ್ಮೆಲೇ ಕಡಿಮೆಯಾಯಿತು. ಒಳಗಿನಿಂದ ರಾಜೇಶ್ವರಿ ಒದರಿದಳು:

"ಬಂತು! ಹೊಗಿ ಬಂತು ಆಯಿ! ಗ್ವಾಡ್ಯಾಗಿಂದ ಬರಾಕತ್ತೈತಿ!"

ನಾಗರತ್ನಾ ಗೊಳವೆ ಕೆಳಗಿಟ್ಟಳು. ಎಲ್ಲರ ಎದುರಿಗೇ ಅಂದಳು: "ತಪ್ಪಾತ್ರಿ ಅತ್ತ್ಯಾರ. ಅನಬಾರದ್ದ ಅಂದೆ."

"ಅಂದಿ," ಎಂದಳು ಸಾವಿತ್ರೆವ್ವ. "ಮಷೀನ್ ನನಗ ಬ್ಯಾಡಾಗಿತ್ತು, ಅದು ಖರೆ. ಬ್ಯಾಡಾಗಿದ್ರ ಬ್ಯಾಡ ಅಂತೇನಿ. ಮನಿ ಕೆಲಸಕ್ಕ ಅಡ್ಡಗಾಲ ಹಾಕೂ ಹೆಣ್ಣಮಗಳು ನಾನಲ್ಲ. ಹೋಗು, ಮೊದಲ ಮಾರಿ ತೊಳಕೊ. ಮೂಗಿಗೆಲ್ಲ ಮಸಿ ಹತ್ತೇತಿ."

ಪೈಪು ಆರಿದ ಮೇಲೆ ಬೂದಿ ತೆಗೆದು ಮುಸ್ತಕೀಮ ವೈರ್ ತೂರಿಸಿದ. ಹುಗ್ಗಿಯಲ್ಲಿ ಚಮಚ ಹೋದಂತೆ ಹೋಯಿತು. ಸಂಜೆ ನಾಗರತ್ನಾ ಒಲೆಯ ಬದಿಯಿಂದ ಒಂದು ಬೆಂಡು ಆರಿಸಿ ಅತ್ತೆಯ ಮುಂದೆ ಹಿಡಿದಳು.

"ಟೆಲಿಫೋನಿನ ಪೈಪು ಬಾಯಿ ತಕ್ಕೊಂಡ ಕುಂತೈತ್ರಿ. ಹುಳಾ ಹೋಗತಾವ. ನೀವ ತುರುಕ್ರಿ."

ಸಾವಿತ್ರೆವ್ವ ಸೊಸೆಯ ಮುಖ ನೋಡಿದಳು. ಬೆಂಡು ಇಸಿದುಕೊಂಡು ಗುಂಡುಕಲ್ಲು ಕೇಳಿದಳು.

ಶಿವರಾತ್ರಿಯ ಮರುದಿನ ಮಷೀನ್ ಚಾಲೂ ಆಯಿತು. ಬೋಲ್ಟು ಬಿಗಿದು ನಿಂತ ಮಷೀನು ಗುಂಯ್ ಎಂದಿತೇ ಹೊರತು ಅಲುಗಾಡಲಿಲ್ಲ. ಹಿಟ್ಟಿನ ಡಬ್ಬಿ ಹಿಡಿದ ಹೆಂಗಸರು ಗೋಡೆಗೆ ಸಾಲಾಗಿ ಕೂತಿದ್ದರು. ರಾಚವ್ವ ಎಲ್ಲರಿಗಿಂತ ಮುಂದೆ. ನಾಗರತ್ನಾ ಹಿಟ್ಟು ಹಾಕಿ ಗುಂಡಿ ಒತ್ತಿದಳು. ಅಚ್ಚಿನಿಂದ ಎಳೆಗಳು ಸೋಸಿ ಇಳಿಯತೊಡಗಿದಾಗ ಒಂದು ಮಾತು ನೆನಪಾಗಿ ಅವಳಿಗೆ ಗಾಬರಿಯಾಯಿತು. ಎಲ್ಲವನ್ನೂ ಹೊಂದಿಸಿದ್ದಳು, ಕೋಲು ಹಿಡಿಯುವವರು ಯಾರೆಂದು ಯೋಚಿಸಿರಲಿಲ್ಲ. ರಾಜೇಶ್ವರಿ ಶಾಲೆಗೆ ಹೋಗಿದ್ದಳು.

ಹೊಸ್ತಿಲಲ್ಲಿ ಕೂತಿದ್ದ ಸಾವಿತ್ರೆವ್ವ ಎದ್ದು ಬಂದು, ಗೋಡೆಗೆ ಆನಿಸಿದ್ದ ಕೋಲು ತೆಗೆದುಕೊಂಡಳು. ಎಳೆಗಳ ಕೆಳಗೆ ಹಿಡಿದಳು. ಎತ್ತುವಾಗ ಅರ್ಧ ಹರಿದು ಕಾಂಕ್ರೀಟಿನ ಮೇಲೆ ಬಿದ್ದವು. ಎರಡನೇ ಸಲವೂ ಬಿದ್ದವು. ಸಾಲಿನಲ್ಲಿ ಯಾರೋ ಸೆರಗಿನಲ್ಲಿ ನಕ್ಕರು.

ನಾಗರತ್ನಾ ಮಷೀನ್ ನಿಲ್ಲಿಸಿದಳು. "ಎಳಿ ಬಂದ ಮ್ಯಾಲೆ ಕೋಲು ಒಯ್ಯಬ್ಯಾಡ್ರಿ. ಮೊದಲ ಹೋಗಿ ಕಾಯಬೇಕು. ಮೊಣಕೈ ಸಡಲ ಬಿಡ್ರಿ. ಹಾಂ. ಈಗ ಎತ್ತೂದಲ್ಲ, ಅವ ಬಂದು ಕುಂದರತಾವ."

ಮೂರನೆಯ ಕೋಲು ತುಂಬಿ ಬಂತು. ಒಂದೂ ಹರಿಯಲಿಲ್ಲ. ಸಾವಿತ್ರೆವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ನಡೆದು, ಬಿಸಿಲಲ್ಲಿ ಕಟ್ಟಿದ ಗಳದ ಮೇಲೆ ಇಟ್ಟಳು. ಬೆನ್ನು ಈ ಕಡೆ ಇದ್ದಂತೆಯೇ ಕೇಳಿದಳು:

"ಹದಿನಾಕು ವರ್ಷದಾಗ ನೀ ಒಂದೂ ಹರದಿದ್ದಿಲ್ಲಲ್ಲ?"

"ಮೊದಲನೇ ವರ್ಷ ಎರಡು ಕೋಲು ಕೆಡವಿದ್ದೆರಿ. 'ಬೈತಾರ' ಅಂತ ಹಿತ್ತಲದಾಗ ಒಯ್ದು ಆಕಳಿಗೆ ಹಾಕಿದ್ದೆ. ನೀವು ನೋಡಲಿಲ್ಲ."

"ನೋಡಿದ್ದೆ," ಎಂದಳು ಸಾವಿತ್ರೆವ್ವ. ಖಾಲಿ ಕೋಲು ಹಿಡಿದು ಬಂದು, ಅಚ್ಚಿನ ಕೆಳಗೆ ಮೊದಲೇ ಚಾಚಿ, ಮೊಣಕೈ ಸಡಿಲ ಬಿಟ್ಟು ನಿಂತಳು. "ಹಚ್ಚು ಮಷೀನ್. ಮಂದಿ ಕಾಯಾಕ ಹತ್ಯಾರ."